ಕಿರ್ದಿ, ಎಕ್ಸೆಲ್, ಮೊಬೈಲ್ ಆಪ್, ಟ್ಯಾಲಿ: ಹಾರ್ಡ್‌ವೇರ್ ಅಂಗಡಿಯ ಲೆಕ್ಕಕ್ಕೆ ಯಾವುದು ಸರಿ?

ಸಿಮೆಂಟು, ಪೈಪು, ಬಣ್ಣ ಮಾರುವ ಅಂಗಡಿಯಲ್ಲಿ ನಷ್ಟ ಕಾಣಿಸಿಕೊಳ್ಳುವ ಮೊದಲೇ ಕೈಯಲ್ಲಿನ ಹಣ ಬತ್ತಿಹೋಗುತ್ತದೆ. ಗುತ್ತಿಗೆದಾರರಿಗೆ ಉದ್ರಿ ಕೊಟ್ಟ ಮಾಲಿಗೂ ಬಿಲ್ ಹಾಕಿದ ತಿಂಗಳಲ್ಲೇ ಜಿಎಸ್‌ಟಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಅದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು, ಗಿರಾಕಿ ದುಡ್ಡು ಕೊಟ್ಟಿರಲಿ, ಬಿಡಲಿ. ಆದ್ದರಿಂದ ದಾವಣಗೆರೆಯ ನಮ್ಮ ಅಂಗಡಿಯಲ್ಲಿ ನಾಲ್ಕು ಬಗೆಯ ಲೆಕ್ಕಪದ್ಧತಿಗಳನ್ನು ಬಳಸಿ ನೋಡುವಾಗ ಬಿಲ್ಲಿನ ಅಂದಚಂದವನ್ನು ಬದಿಗಿಟ್ಟೆ. ಯಾರ ಬಾಕಿ ಎಷ್ಟು ಹಳೆಯದು, ಯಾವ ಮಾಲು ಮಾರಾಟವಾಗದೆ ಡೆಡ್ ಸ್ಟಾಕ್ ಆಗಿ ಕೂತಿದೆ, ಬ್ಯಾಂಕಿನಲ್ಲಿರುವ ಹಣದಲ್ಲಿ ನಮ್ಮದೆಷ್ಟು, ಸರ್ಕಾರದ್ದೆಷ್ಟು ಎಂಬುದನ್ನು ಯಾವುದು ಬೇಗ ಹೇಳುತ್ತದೆ ಎಂದಷ್ಟೇ ಗಮನಿಸಿದೆ.

ಕಿರ್ದಿ (ದಿನದ ವ್ಯವಹಾರ ಬರೆಯುವ ಪುಸ್ತಕ) ಮತ್ತು ಖಾತೆ ಪುಸ್ತಕವನ್ನು ಹಗುರವಾಗಿ ಕಾಣುವಂತಿಲ್ಲ. ಪುಟ ತೆರೆದಿಟ್ಟರೆ ಗಿರಾಕಿಯೇ ಎದುರಿಗೆ ನಿಂತು ತನ್ನ ಬಾಕಿಯನ್ನು ಓದಿ ಸಹಿ ಹಾಕುತ್ತಾನೆ, ಮುಂದೆ ತಕರಾರು ಏಳುವುದಿಲ್ಲ. ಆದರೆ ಅದರಲ್ಲಿ ಬಾಕಿಯ ಮೊತ್ತ ಕಾಣುತ್ತದೆಯೇ ಹೊರತು ಬಾಕಿಯ ವಯಸ್ಸು ಕಾಣುವುದಿಲ್ಲ. ಆಗಾಗ ಹತ್ತು ಸಾವಿರ, ಇಪ್ಪತ್ತು ಸಾವಿರ ಕೊಟ್ಟುಹೋಗುವ ಗುತ್ತಿಗೆದಾರನ ಪುಟದಲ್ಲಿ ಕೊನೆಯ ಸಾಲು ಯಾವಾಗಲೂ ಜಮೆಯೇ ಆಗಿರುವುದರಿಂದ ಅವನು ಒಳ್ಳೆಯ ಗಿರಾಕಿಯಂತೆ ತೋರುತ್ತಾನೆ. ಅಷ್ಟರಲ್ಲಿ ಹೊಸ ಬಿಲ್ಲುಗಳು ಜಮೆಗಿಂತ ವೇಗವಾಗಿ ಬೆಳೆದಿರುತ್ತವೆ.

ಎಕ್ಸೆಲ್ ಹಣದ ಮುನ್ನೋಟಕ್ಕೆ ಬಹಳ ಒಳ್ಳೆಯದು. ಮುಂದಿನ ಮೂರು ತಿಂಗಳಲ್ಲಿ ಬರಬೇಕಾದದ್ದು, ಕೊಡಬೇಕಾದದ್ದು, ಬಾಡಿಗೆ, ಸಂಬಳ, ಸಾಲದ ಕಂತು ಇವನ್ನು ವಾರವಾರಕ್ಕೆ ಹರಡಿ ನೋಡಲು ಅದಕ್ಕಿಂತ ಸರಳವಾದದ್ದು ನನಗೆ ಸಿಕ್ಕಿಲ್ಲ. ದಿನದ ಬಿಲ್ಲಿಂಗಿಗೆ ಮಾತ್ರ ಅದು ತಕ್ಕುದಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಾಗ ಹಾಳೆಹಾಳೆಯಲ್ಲೂ ಸೂತ್ರ ತಿದ್ದಬೇಕಾಯಿತು, ಹಳೆಯ ಬಿಲ್ಲುಗಳ ತೆರಿಗೆ ಬದಲಾಗದಂತೆಯೂ ಕಾಯಬೇಕಾಯಿತು. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಹೊಸ ದರ ಯಾವ ದಿನಾಂಕದಿಂದ ಜಾರಿ ಎಂದು ನಮೂದಿಸಿದರೆ ಹಳೆಯ ಬಿಲ್ಲುಗಳು ಹಳೆಯ ದರದಲ್ಲೇ ಉಳಿಯುತ್ತವೆ. 28 ಪ್ರತಿಶತ ಕಟ್ಟಿ ತಂದ ದಾಸ್ತಾನಿನ ಕ್ರೆಡಿಟ್ ಅನ್ನು (ಖರೀದಿಯಲ್ಲಿ ಕಟ್ಟಿದ, ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಜಿಎಸ್‌ಟಿ) ಬೇರೆ ಮಾಲಿನ ತೆರಿಗೆಗೂ ಬಳಸಿಕೊಳ್ಳಬಹುದಾದ್ದರಿಂದ, ಆ ತಿಂಗಳು ನಿಜವಾಗಿ ಎಷ್ಟು ಕಟ್ಟಬೇಕೆಂಬುದು ಮೊದಲೇ ತಿಳಿಯುವುದು ನಗದಿನ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಮೊಬೈಲ್ ಬಿಲ್ಲಿಂಗ್ ಆಪ್‌ಗಳ ಬಲವಿರುವುದು ಕೌಂಟರಿನಲ್ಲಿ. ಕೆಲಸದ ಹುಡುಗರು ಬೇಗ ಕಲಿಯುತ್ತಾರೆ, ಬಾಕಿಯ ನೆನಪು ಯುಪಿಐ ಲಿಂಕಿನೊಂದಿಗೆ ವಾಟ್ಸಾಪ್‌ಗೆ ಹೋಗುತ್ತದೆ, ಬಾಯಿಬಿಟ್ಟು ಕೇಳುವ ಸಂಕೋಚವೂ ತಪ್ಪುತ್ತದೆ. ಆದರೆ ಮಾರಾಟ ನಮೂದಿಸುವ ಉತ್ಸಾಹ ಖರೀದಿಯ ಬಿಲ್ಲುಗಳಿಗೆ ಇರುವುದಿಲ್ಲವಾದ್ದರಿಂದ ದಾಸ್ತಾನು ಮೈನಸ್‌ಗೆ ಇಳಿಯುತ್ತದೆ, ಲಾಭದ ಅಂಕಿ ಸುಳ್ಳಾಗುತ್ತದೆ. ಇದು ಆಪ್‌ನ ದೋಷಕ್ಕಿಂತ ನಮ್ಮ ಅಭ್ಯಾಸದ ದೋಷ ಎನ್ನಬೇಕು.

1986ರಲ್ಲಿ ಆರಂಭವಾದ ಟ್ಯಾಲಿ ಕಂಪನಿಯ ತಂತ್ರಾಂಶವನ್ನು ಊರಿನ ಆಡಿಟರ್‌ಗಳೂ ಲೆಕ್ಕ ಬರೆಯುವ ಹುಡುಗರೂ ಬಲ್ಲರು. ಒಬ್ಬರು ಕೆಲಸ ಬಿಟ್ಟರೆ ಇನ್ನೊಬ್ಬರು ಸಿಗುತ್ತಾರೆ. ಬಿಲ್‌ವಾರು ಬಾಕಿಯನ್ನು 30, 60, 90 ದಿನಗಳ ಅಂಕಣಗಳಲ್ಲಿ ನೋಡಿದ ಮೇಲೆಯೇ ನಾನು ಉದ್ರಿಗೆ ಮಿತಿ ಹಾಕಲು ಮನಸ್ಸು ಮಾಡಿದ್ದು. ಬಂದ ಹಣವನ್ನು ಯಾವ ಬಿಲ್ಲಿಗೆಂದು ಸೂಚಿಸದೆ ‘ಆನ್ ಅಕೌಂಟ್’ ಎಂದು ತಳ್ಳಿದರೆ ಮಾತ್ರ ಈ ವರದಿ ಖಾತೆ ಪುಸ್ತಕಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ, ಮತ್ತು ಅವಸರದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಕೊಡಬೇಕಾದ ಕಡೆಗೂ ಅಷ್ಟೇ ಉಪಯೋಗವಿದೆ: ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಸರಬರಾಜುದಾರರಿಗೆ ಹಣ ಕೊಡದಿದ್ದರೆ ಪಡೆದ ಕ್ರೆಡಿಟ್ ಅನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ. ಟ್ಯಾಲಿಯ ದೊಡ್ಡ ಕೊರತೆಯೆಂದರೆ ಲೆಕ್ಕಶಾಸ್ತ್ರ ತಿಳಿಯದ ಮಾಲೀಕ ಎಲ್ಲವನ್ನೂ ಗುಮಾಸ್ತನಿಗೆ ಬಿಟ್ಟು, ಅಂಕಿಗಳನ್ನು ತಿಂಗಳ ಕೊನೆಗಷ್ಟೇ ನೋಡುವಂತಾಗುವುದು.

ಸಣ್ಣ ಅಂಗಡಿಗೆ ಇಷ್ಟೆಲ್ಲ ಏಕೆ ಎನ್ನುವವರು 2025ರ ಜುಲೈಯನ್ನು ನೆನೆಯಬಹುದು. ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೂ ನೋಟಿಸ್ ಕೊಟ್ಟಿತ್ತು. ಜಮೆಯಲ್ಲಿ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲಿನದೆಷ್ಟು, ಕೈಸಾಲ ಮರಳಿದ್ದೆಷ್ಟು ಎಂದು ಬಿಡಿಸಿ ತೋರಿಸಲು ಲೆಕ್ಕವೇ ಬೇಕು.

ನಾವು ಈಗ ಖರೀದಿ, ಮಾರಾಟ ಎರಡನ್ನೂ ಟ್ಯಾಲಿಯಲ್ಲೇ ಇಟ್ಟು, ಹಣದ ಮುನ್ನೋಟಕ್ಕೆ ಎಕ್ಸೆಲ್‌ನ ಒಂದೇ ಹಾಳೆಯನ್ನು ಪ್ರತಿ ಶನಿವಾರ ತುಂಬುತ್ತೇವೆ; ಎರಡೆರಡು ಕಡೆ ಬರೆಯುವ ಹೊರೆ ಬೇಡವೆಂದು ಆಪ್ ಕೈಬಿಟ್ಟೆವು. ಉದ್ರಿ ಕಡಿಮೆಯಿದ್ದು ಕೌಂಟರ್ ಮಾರಾಟವೇ ಹೆಚ್ಚಿರುವ ಅಂಗಡಿಗೆ ಆಪ್ ಸಾಕು, ಖರೀದಿಯ ಬಿಲ್ಲನ್ನು ಮಾಲು ಇಳಿದ ದಿನವೇ ನಮೂದಿಸುವುದಾದರೆ. ಯಾವುದನ್ನು ಆರಿಸಿದರೂ ಹಣ ಕಟ್ಟುವ ಮೊದಲು ಅದರ ದತ್ತಾಂಶ ಯಾವ ರೂಪದಲ್ಲಿ ಹೊರಬರುತ್ತದೆ, ಅದು ನಿಮ್ಮ ಆಡಿಟರ್‌ಗೆ ಆಗುತ್ತದೆಯೇ ಎಂದು ಕೇಳಿಕೊಳ್ಳಿ.