ಎರಡೂವರೆ ವರ್ಷಗಳ ಉಸಿರಾಟದ ಫಿಜಿಯೋಥೆರಪಿ: ಒಬ್ಬ ಬಳಕೆದಾರನ ಅನುಭವ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ 31 ವರ್ಷ ದಲಾಲಿ ಅಂಗಡಿಯ ಲೆಕ್ಕ ಬರೆದವನು ನಾನು. ಘಾಟು, ಧೂಳು ಸಾಲದೆಂಬಂತೆ ಬೀಡಿಯನ್ನೂ ಸೇದುತ್ತಿದ್ದೆ. ಕೆಲಸ ಬಿಟ್ಟು ಹುಬ್ಬಳ್ಳಿಯ ಉಣಕಲ್‌ನಲ್ಲಿರುವ ಮಗನ ಮನೆಗೆ ಬಂದಾಗ, ಮೊದಲ ಮಹಡಿಯ 18 ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ದಮ್ಮು ಹತ್ತಿ ನಿಲ್ಲಬೇಕಾಗುತ್ತಿತ್ತು. ಶ್ವಾಸಕೋಶ ತಜ್ಞರು ಇದು ಸಿಒಪಿಡಿ, ಅಂದರೆ ಗಾಳಿನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎಂದು ಹೇಳಿ, ಬೀಡಿ ಬಿಡಿಸಿ, ಇನ್‌ಹೇಲರ್ ಬರೆದು, ಜೊತೆಗೆ ಫಿಜಿಯೋಥೆರಪಿಗೂ ಚೀಟಿ ಕೊಟ್ಟರು. ಮೊಣಕಾಲು ನೋವಿನವರು ಹೋಗುವ ಜಾಗದಲ್ಲಿ ದಮ್ಮಿನವನಿಗೇನು ಕೆಲಸ ಎಂಬ ಅನುಮಾನದಿಂದಲೇ ಹೋದೆ.

ಮೊದಲು ಹೋದ ಕೇಂದ್ರ ಆ ಅನುಮಾನವನ್ನು ಹೆಚ್ಚಿಸಿತು. ಬೆನ್ನಿಗೆ ಕರೆಂಟ್ ಕೊಟ್ಟು, ಮೂರು ಚೆಂಡಿನ ಸ್ಪೈರೋಮೀಟರ್ ಕೈಗಿತ್ತು ಕಳುಹಿಸಿದರು. ಅದನ್ನು ಊದಬೇಕೋ ಎಳೆಯಬೇಕೋ ಎಂದೂ ಹೇಳಲಿಲ್ಲ. ಹದಿನೈದು ದಿನ ಊದಿದೆ, ಚೆಂಡು ಕದಲಲಿಲ್ಲ. ಅದು ಗಾಳಿಯನ್ನು ಒಳಗೆಳೆದುಕೊಳ್ಳುವ ಸಾಧನ, ಹೆಚ್ಚಾಗಿ ಶಸ್ತ್ರಚಿಕಿತ್ಸೆಯಾದವರಿಗೆ ಕೊಡುವಂಥದ್ದು ಎಂದು ಆಮೇಲೆ ತಿಳಿಯಿತು. ನನ್ನಂಥವರ ಮುಖ್ಯ ತೊಂದರೆ, ಒಳಗೆ ಹೋದ ಗಾಳಿ ಪೂರ್ತಿ ಹೊರಬಾರದೆ ಎದೆಯಲ್ಲೇ ಉಳಿದುಬಿಡುವುದು.

ಈಗಲೂ ಹೋಗುತ್ತಿರುವ ಎರಡನೆಯ ಕೇಂದ್ರದಲ್ಲಿ ಮೊದಲ ದಿನವೇ ಬೆರಳಿಗೆ ಆಕ್ಸಿಮೀಟರ್ ಹಾಕಿ, ಉದ್ದನೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ, ದೂರ ಅಳೆದರು. ನಡುವೆ ಒಮ್ಮೆ ಕುಳಿತು, 260 ಮೀಟರ್ ನಡೆದಿದ್ದೆ. ದಮ್ಮು ಎಷ್ಟು ಹತ್ತಿದೆ ಎಂಬುದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಪಟ್ಟಿ ತೋರಿಸಿ ಅಂಕ ಕೇಳಿದರು; ಏಳು ಎಂದೆ.

ಅಲ್ಲಿ ಕಲಿತ ಮೊದಲ ಪಾಠ ತುಟಿ ಕಿರಿದು ಮಾಡಿ ಉಸಿರು ಬಿಡುವುದು. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ನಾಲ್ಕು ಎಣಿಸುವಷ್ಟು ಹೊತ್ತು ಬಿಡಬೇಕು. ಊದುಗೊಳವೆಯಿಂದ ಒಲೆ ಊದುವ ರಭಸ ಬೇಡ, ದೀಪದ ಕುಡಿ ಆರದೆ ಬಾಗಿದರೆ ಸಾಕು. ಹೀಗೆ ಬಿಟ್ಟಾಗ ಒಳಗಿನ ಸಣ್ಣ ಗಾಳಿನಾಳಗಳು ಬೇಗ ಮುಚ್ಚಿಕೊಳ್ಳದೆ, ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಕಫಕ್ಕೆ ಬೇರೆಯದೇ ವಿಧಾನ. ಕೆಮ್ಮಿ ಕೆಮ್ಮಿ ಪಕ್ಕೆ ನೋಯಿಸಿಕೊಳ್ಳುತ್ತಿದ್ದ ನನಗೆ ಥೆರಪಿಸ್ಟ್ ಹುಡುಗಿ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, "ಕಾಕಾ, ಕೆಮ್ಮಬ್ಯಾಡ್ರಿ, ಕನ್ನಡಿಗೆ ಹಬೆ ಹಿಡಸಿದಂಗ ಹಾ ಅನ್ರಿ" ಎಂದಳು. ನಾಲ್ಕಾರು ಆಳ ಉಸಿರಾದ ಮೇಲೆ ಎರಡು ಸಲ ಹಾಗೆ ಬಿಸಿ ಉಸಿರು ಬಿಟ್ಟಾಗ, ಬೆಳಗಿನಿಂದ ಗುರುಗುಟ್ಟುತ್ತಿದ್ದ ಕಫ ತಾನಾಗಿ ಗಂಟಲಿಗೆ ಬಂತು. ಆ ದಿನ ನನಗಾದ ಹಗುರವನ್ನು ಇಂದಿಗೂ ಮರೆತಿಲ್ಲ.

ಆದರೆ ಹೆಚ್ಚು ಫಲ ಕೊಟ್ಟದ್ದು ಕಾಲಿನ ವ್ಯಾಯಾಮ ಎಂಬುದು ನನ್ನ ಖಚಿತ ಅಭಿಪ್ರಾಯ. ದಮ್ಮಿಗೆ ಹೆದರಿ ಕುಳಿತಲ್ಲೇ ಕುಳಿತವನ ತೊಡೆ ಸೊರಗುತ್ತದೆ. ಸೊರಗಿದ ತೊಡೆ ನಾಲ್ಕು ಹೆಜ್ಜೆಗೇ ದಣಿದು ಇನ್ನಷ್ಟು ಉಸಿರು ಬೇಡುತ್ತದೆ. ವಾರಕ್ಕೆ ಮೂರು ದಿನದಂತೆ ಎಂಟು ವಾರ ಸೈಕಲ್ ತುಳಿದು, ಕುರ್ಚಿಯಿಂದ ಎದ್ದು ಕುಳಿತು, ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿದ ಮೇಲೆ ನಡಿಗೆ 345 ಮೀಟರಿಗೆ ಏರಿತು. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಊದುವ ಪರೀಕ್ಷೆಯ ವರದಿ ಮಾತ್ರ ಮೊದಲಿನಂತೆಯೇ ಇತ್ತು. ಹಾಳಾದ ಶ್ವಾಸಕೋಶವನ್ನು ಈ ಚಿಕಿತ್ಸೆ ಸರಿಪಡಿಸುವುದಿಲ್ಲ, ಇನ್‌ಹೇಲರನ್ನೂ ಬಿಡಿಸುವುದಿಲ್ಲ.

ಕೊರತೆಗಳೂ ಇವೆ. ಎರಡೂವರೆ ವರ್ಷದಲ್ಲಿ ಥೆರಪಿಸ್ಟ್‌ಗಳು ಮೂರು ಬಾರಿ ಬದಲಾದರು, ಪ್ರತಿ ಸಲವೂ ನನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯಾದ್ದರಿಂದ ನನ್ನ ವಿಮೆಯಿಂದ ಹಣವೂ ಬರಲಿಲ್ಲ. ಹೋದ ಮಳೆಗಾಲದಲ್ಲಿ ಎದೆಗೆ ಸೋಂಕಾಗಿ ಎರಡು ತಿಂಗಳು ಎಲ್ಲ ವ್ಯಾಯಾಮ ನಿಲ್ಲಿಸಿದ್ದಕ್ಕೆ ನಡಿಗೆ 280ಕ್ಕೆ ಇಳಿಯಿತು. ಅದನ್ನು ಮತ್ತೆ 330ಕ್ಕೆ ತರಲು ಮೊದಲಿನಷ್ಟೇ ದುಡಿಯಬೇಕಾಯಿತು.

ಈಗ ತಿಂಗಳಿಗೊಮ್ಮೆ ಕೇಂದ್ರಕ್ಕೆ, ಉಳಿದ ದಿನ ಉಣಕಲ್ ಕೆರೆಯ ದಂಡೆಗೆ ಹೋಗುತ್ತೇನೆ. ದಮ್ಮು ಹತ್ತಿದರೆ ಗಾಬರಿಯಾಗದೆ ಕಟ್ಟೆಯ ಮೇಲೆ ಕುಳಿತು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಿ ಉಸಿರು ಬಿಡುತ್ತೇನೆ. ಮನೆಯ ಮೆಟ್ಟಿಲಲ್ಲಿ ಒಮ್ಮೆ ನಿಂತರೆ ಸಾಕಾಗುತ್ತದೆ. ಹೊಸದಾಗಿ ಸೇರುವವರು ವೈದ್ಯರ ಚೀಟಿಯೊಂದಿಗೇ ಹೋಗಿ, ಮೊದಲ ದಿನ ಆರು ನಿಮಿಷ ನಡೆಸಿ ಅಳೆಯುತ್ತೀರಾ ಎಂದು ಕೇಳಿಕೊಳ್ಳಿ. ಹಾಗೆ ಅಳೆಯದ ಕಡೆ ನಾನಂತೂ ಮತ್ತೆ ಹಣ ಕಟ್ಟುವುದಿಲ್ಲ.