ಕೋವಿಯ ಖಾಲಿ ತೋಟಾಕ್ಕೆ ಮತ್ತೆ ಮಸಿ ತುಂಬಬೇಡಿ

ಕೊಡಗಿನಲ್ಲಿ ಕೋವಿ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು. ಸೆಪ್ಟೆಂಬರ್ 3ಕ್ಕೆ ಮೊದಲೇ ತೆಂಗಿನಕಾಯಿಗೆ ನಾಲ್ಕು ಈಡು ಹೊಡೆದು ಕೈ ಕುದುರಿಸಿಕೊಳ್ಳೋಣ ಅಂತ ಕೋವಿ ಒರೆಸಿಟ್ಟವರು ಬಹಳ ಜನ ಇದ್ದೀರಿ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಹೊಸ ತೋಟಾದ (ಕಾಡತೂಸಿನ) ಬೆಲೆ ಕೇಳಿ ಹಿಂದೇಟು ಹಾಕಿ, ಪರಿಚಯದವರೊಬ್ಬರು ಮನೆಯಲ್ಲೇ ಮತ್ತೆ ಮಸಿ (ಸಿಡಿಮದ್ದು) ತುಂಬಿದ 12 ಬೋರಿನ ತೋಟಾ ತಂದೆ. ಒಂದೆರಡರ ಬಾಯಿ ಮಡಚಿದ ಕಡೆ ಪ್ಲಾಸ್ಟಿಕ್ ಕೂದಲೆಳೆಯಷ್ಟು ಸೀಳಿತ್ತು. ಮೇಲೆ ಮೇಣ ಹಚ್ಚಿದ್ದಾರಲ್ಲ ಅಂತ ಸುಮ್ಮನಾದೆ.

ಮೊದಲ ಈಡು ಸರಿಯಾಗಿಯೇ ಹೋಯಿತು. ಎರಡನೆಯದು ಢಂ ಅನ್ನಲಿಲ್ಲ, ಟುಸ್ ಅಂದಿತು. ಭುಜಕ್ಕೆ ಒದೆತವೇ ಇಲ್ಲ. ಮಳೆಗಾಲದ ಥಂಡಿಗೆ ಮಸಿ ಕೆಟ್ಟಿರಬೇಕು ಅಂದುಕೊಂಡು ಕೋವಿ ಮಡಚಿ ತೆರೆದು, ಖಾಲಿ ತೋಟಾ ಕಿತ್ತು ಬಿಸಾಡಿ, ಇನ್ನೊಂದು ತುರುಕಿದೆ. ಆಗ ನಳಿಗೆಗೆ ಒಮ್ಮೆ ಕಣ್ಣಿಟ್ಟು ನೋಡಿದ್ದರೆ ಸಾಕಿತ್ತು. ಮಸಿಗೂ ಚರೆಗೂ (ಸೀಸದ ಸಣ್ಣ ಗುಂಡುಗಳಿಗೂ) ನಡುವೆ ಇಡುವ ವಾಡು ಅನ್ನುವ ಬಿರಡೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಮೂರನೇ ಈಡಿಗೆ ನಳಿಗೆ ನನ್ನ ಎಡಗೈ ಪಕ್ಕದಲ್ಲೇ ಸೀಳಿತು. ಕಿವಿ ಗುಂಯ್ ಅನ್ನುತ್ತಿತ್ತು, ನೋವು ಗೊತ್ತಾಗಲಿಲ್ಲ. ಅಂಗಿಯ ತೋಳು ಒದ್ದೆಯಾದಾಗಲೇ ಕೈ ನೋಡಿಕೊಂಡಿದ್ದು. ಇವತ್ತಿಗೂ ಎಡಗೈಯಲ್ಲಿ ನೀರು ತುಂಬಿದ ಚೊಂಬು ನಿಲ್ಲುವುದಿಲ್ಲ.

ಮಸಿ ಕಡಿಮೆಯಾದರೆ ಹೀಗೆ. ಹೆಚ್ಚಾದರಂತೂ ಮೊದಲ ಈಡಿಗೇ ಅಪಾಯ. ಕರಿ ಮಸಿಯ ಅಳತೆಯಲ್ಲೇ ಹೊಗೆಯಿಲ್ಲದ ಮಸಿ ಸುರಿದರೆ ಒತ್ತಡ ಎಷ್ಟೋ ಪಟ್ಟು ಏರುತ್ತದೆ, ಅಜ್ಜನ ಕಾಲದ ನಳಿಗೆ ಅದನ್ನು ತಡೆಯುವುದಿಲ್ಲ. ತುಂಬಿದ ತೋಟಾದ ಒಳಗೆ ಏನಿದೆ, ಎಷ್ಟಿದೆ ಅಂತ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಮಸಿಗೆ ಕಿಡಿ ಹಚ್ಚುವ ಕೇಪು ಬಡಿದು ಕೂರಿಸುವಾಗ ಅದು ಸಿಡಿದರೆ ತುಂಬುವವರ ಕಣ್ಣೇ ಹೋಗಬಹುದು.

ಕೊಡವರಾದ ನಮಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅನ್ನುವವರಿದ್ದಾರೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ, ಜೈಲು ಶಿಕ್ಷೆ ಇದೆ.

ತುಂಬಿಕೊಟ್ಟವರ ಮನೆಗೆ ಹೋಗಿ ಕೈ ತೋರಿಸಿದೆ. ಪಾಪ, ಅವರು ಅತ್ತರು. ಅಟ್ಟದ ಮೇಲಿದ್ದ ಖಾಲಿ ತೋಟಾಗಳನ್ನೆಲ್ಲ ಅವತ್ತೇ ತುಳಿದು ಚಪ್ಪಟೆ ಮಾಡಿದರು.

ಹೊಸ ತೋಟಾ ಹೊಡೆಯುವಾಗಲೂ ಸದ್ದು ಸಣ್ಣದಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಕೋವಿಯ ಬಾಯಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ. ಆಮೇಲೆ ಕೋವಿ ಮಡಚಿ ತೆರೆದು, ತೋಟಾ ತೆಗೆದು, ಹಿಂದಿನಿಂದ ನಳಿಗೆಯೊಳಗೆ ನೋಡಿ. ಆ ಕೊನೆಯಲ್ಲಿ ದುಂಡಗೆ ಬೆಳಕು ಕಾಣದಿದ್ದರೆ ಆ ಕೋವಿಯಲ್ಲಿ ಅವತ್ತು ಇನ್ನೊಂದು ಈಡು ಬೇಡ.