ದೊಡ್ಡ ಗ್ಯಾರೇಜ್ ಬಾಗಿಲಿಗೆ ದೊಡ್ಡ ಮೋಟಾರು ಮಾರುವವರ ಬಗ್ಗೆ ಎಚ್ಚರ

ಎರಡು ಕಾರು ನಿಲ್ಲುವಷ್ಟು ಅಗಲದ ಗ್ಯಾರೇಜಿನ ಬಾಗಿಲಿಗೆ ಓಪನರ್ (ಗುಂಡಿ ಒತ್ತಿದರೆ ಬಾಗಿಲನ್ನು ಎತ್ತಿ ಇಳಿಸುವ ಮೋಟಾರು ಯಂತ್ರ) ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಮಾರಲು ಬಂದವರು "ನಿಮ್ಮದು ದೊಡ್ಡ ಬಾಗಿಲು, ಹೆಚ್ಚು ಶಕ್ತಿಯ ಮೋಟಾರೇ ಬೇಕು" ಎಂದು ಮಾತು ಶುರುಮಾಡಿದರೆ ಅಲ್ಲೇ ತಡೆಯಿರಿ. ಬಾಗಿಲನ್ನು ಕೈಯಿಂದ ಎತ್ತಿ ನೋಡದೆ ಮೋಟಾರಿನ ಮಾತೆತ್ತುವವರಿಗೆ ಈ ಕೆಲಸ ತಿಳಿದಿಲ್ಲ, ಅಥವಾ ತಿಳಿದೂ ಸುಮ್ಮನಿದ್ದಾರೆ.

ನಮ್ಮದು 16 ಅಡಿ ಅಗಲ, 8 ಅಡಿ ಎತ್ತರದ ಉಕ್ಕಿನ ಬಾಗಿಲು. ಶಾಖ ತಡೆಯಲು ಒಳಬದಿಗೆ ಫೋಮ್ ಹಲಗೆ, ಅಂದಕ್ಕೆಂದು ಹೊರಗೆ ಮರದ ಹೊದಿಕೆ. ಎರಡೂ ಆಮೇಲೆ ಸೇರಿಸಿದ್ದು. ಹಳೆಯ ಓಪನರ್ ಏದುಸಿರು ಬಿಡತೊಡಗಿದ್ದರಿಂದ ಹೊಸದಕ್ಕೆ ಹೇಳಿದೆವು. ಬಂದವರು ಕೇಳಿದ್ದು ಒಂದೇ ಪ್ರಶ್ನೆ: ಒಂದು ಕಾರಿನದೋ, ಎರಡು ಕಾರಿನದೋ? ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಶ್ವಶಕ್ತಿಯ, ಬಾಗಿಲನ್ನು ಸರಪಳಿಯಿಂದ ಎಳೆಯುವ ಚೈನ್ ಮಾದರಿಯನ್ನೇ ತಂದು ಚಾವಣಿಗೆ ತೂಗುಹಾಕಿದರು. ಗುಂಡಿ ಒತ್ತಿದಾಗ ಬಾಗಿಲು ಅರ್ಧ ಏರಿ ನಿಂತಿತು. ಜೋಡಣೆಗೆ ಬಂದವರು ಏಣಿ ಹತ್ತಿ, ಮೋಟಾರಿನಲ್ಲಿ ಬಲ ಹೊಂದಿಸುವ ತಿರುಪನ್ನು ಗರಿಷ್ಠಕ್ಕೆ ತಿರುಗಿಸಿದರು. ಬಾಗಿಲು ಏರಿತು, ಅವರು ಹೊರಟರು.

ಆ ಒಂದು ತಿರುಪಿನಲ್ಲೇ ಇತ್ತು ಅನಾಹುತ. ಇಂಥ ಬಾಗಿಲಿನ ಭಾರ ಹೊರುವುದು ಮೋಟಾರಲ್ಲ, ಬಾಗಿಲಿನ ಮೇಲೆ ಅಡ್ಡ ಸರಳಿನ ಸುತ್ತ ತಿರುಚಿ ಬಿಗಿದಿರುವ ಟಾರ್ಷನ್ ಸ್ಪ್ರಿಂಗ್‌ಗಳು. ಬಾಗಿಲು 100 ಕಿಲೋಗೂ ಹೆಚ್ಚು ತೂಗಬಹುದು. ಸ್ಪ್ರಿಂಗ್ ಸರಿಯಿದ್ದರೆ ಅದನ್ನು ಒಬ್ಬರೇ ಸಲೀಸಾಗಿ ಎತ್ತಬಹುದು, ಅರ್ಧದಲ್ಲಿ ಬಿಟ್ಟರೆ ಅದು ಇದ್ದಲ್ಲೇ ನಿಲ್ಲುತ್ತದೆ. ಮೋಟಾರಿನ ಕೆಲಸ ಅದನ್ನು ಮೇಲೆ ಕೆಳಗೆ ಸರಿಸುವುದಷ್ಟೇ. ಸಮತೋಲದಲ್ಲಿರುವ ಎರಡು ಕಾರಿನ ಬಾಗಿಲನ್ನು ಅರ್ಧ ಅಶ್ವಶಕ್ತಿಯ ಓಪನರ್ ಕೂಡ ಎಳೆಯುವುದುಂಟು. ಸಮತೋಲ ತಪ್ಪಿದ ಬಾಗಿಲನ್ನೂ ಬಲವಾದ ಮೋಟಾರು ಎಳೆದೇ ಎಳೆಯುತ್ತದೆ. ಅಪಾಯವೂ ಅದೇ, ಏಕೆಂದರೆ ಕಾಯಿಲೆ ಹೊರಗೆ ಕಾಣಿಸುವುದೇ ಇಲ್ಲ.

ನಮ್ಮಲ್ಲಿ ಮೊದಲು ಕಂಡದ್ದು ಮೋಟಾರಿನ ಕೆಳಗೆ ನೆಲದ ಮೇಲೆ ಉದುರಿದ ಬಿಳಿ ಪುಡಿ. ಒಳಗಿನ ಪ್ಲಾಸ್ಟಿಕ್ ಗೇರ್ ಸವೆಯುತ್ತಿತ್ತು. ಆಮೇಲೆ ಬಾಗಿಲಿನ ಮೇಲ್ತುದಿಯ ಫಲಕ, ಓಪನರಿನ ತೋಳು ಸೇರುವ ಜಾಗದಲ್ಲಿ ಒಳಕ್ಕೆ ಬಾಗಿತು. ಇಷ್ಟು ಅಗಲದ ಬಾಗಿಲಿಗೆ ಆ ಫಲಕದುದ್ದಕ್ಕೂ ಉಕ್ಕಿನ ಬಲಪಟ್ಟಿ ಹಾಕಬೇಕು, ಹಾಕಿರಲಿಲ್ಲ. ಇವೆಲ್ಲ ಹಣದಲ್ಲಿ ಮುಗಿಯುವ ನಷ್ಟ. ಮುಂದಿನದು ಹಾಗಲ್ಲ. ಕಾರಿನ ಹಿಂಭಾಗ ಸ್ವಲ್ಪ ಹೊರಗೆ ಚಾಚಿಕೊಂಡಿದ್ದಾಗ ಬಾಗಿಲು ಇಳಿಯಿತು. ಅಡ್ಡ ಏನಾದರೂ ಬಂದರೆ ಬಾಗಿಲನ್ನು ತಡೆಯುವ ಕಿರಣದ ಸೆನ್ಸರ್ ಇರುವುದು ನೆಲದಿಂದ ಸುಮಾರು 15 ಸೆಂ.ಮೀ. ಎತ್ತರದಲ್ಲಿ, ಬಂಪರ್ ಅದಕ್ಕಿಂತ ಮೇಲೆ. ಸೆನ್ಸರಿಗೆ ಕಾರು ಕಾಣಲಿಲ್ಲ. ಹಾಗಿದ್ದರೂ ಏನಾದರೂ ತಾಗಿದೊಡನೆ ಬಾಗಿಲು ಮೇಲಕ್ಕೆ ಮರಳಬೇಕು. ಮರಳಲಿಲ್ಲ. ಡಿಕ್ಕಿಯ ಮುಚ್ಚಳವನ್ನು ಕರಕರ ಒತ್ತುತ್ತಲೇ ಹೋಯಿತು. ಬಲವನ್ನು ಗರಿಷ್ಠಕ್ಕೆ ಏರಿಸಿದ್ದರಿಂದ ತಡೆ ಯಾವುದು, ಬಾಗಿಲಿನ ಭಾರ ಯಾವುದು ಎಂಬ ವ್ಯತ್ಯಾಸ ಆ ಯಂತ್ರಕ್ಕೆ ಉಳಿದೇ ಇರಲಿಲ್ಲ. ಅಮೆರಿಕದಲ್ಲಿ 1993ರಿಂದ ಮನೆಬಳಕೆಯ ಓಪನರುಗಳಿಗೆ ಹಿಮ್ಮರಳುವಿಕೆಯ ಜೊತೆಗೆ ಸೆನ್ಸರಿನಂಥ ಇನ್ನೊಂದು ರಕ್ಷಣೆಯನ್ನೂ ಕಡ್ಡಾಯ ಮಾಡಿದ್ದು ಮಕ್ಕಳು ಬಾಗಿಲಿನಡಿ ಸಿಕ್ಕಿ ಸತ್ತ ಪ್ರಕರಣಗಳಿಂದಾಗಿ. ಅಂಥ ರಕ್ಷಣೆಯನ್ನು ಒಂದು ತಿರುಪಿನಿಂದ ಕೆಡಿಸಿ ಹೋಗಿದ್ದರು.

ಬೇರೆ ತಂತ್ರಜ್ಞರನ್ನು ಕರೆಸಿದೆವು. ಅವರು ಮೋಟಾರನ್ನು ಮುಟ್ಟಲಿಲ್ಲ. ಬಾಗಿಲು ಮುಚ್ಚಿದ್ದಾಗಲೇ ಕೆಂಪು ಹಗ್ಗ ಎಳೆದು ಓಪನರಿನಿಂದ ಬಿಡಿಸಿ, ಎತ್ತಲು ನೋಡಿದರು. ಮೊಣಕಾಲಿನ ಎತ್ತರಕ್ಕೂ ಬರಲಿಲ್ಲ. (ತೆರೆದ ಬಾಗಿಲಿನಲ್ಲಿ ಈ ಹಗ್ಗವನ್ನು ಎಳೆಯಲೇಬೇಡಿ, ಸ್ಪ್ರಿಂಗ್ ಸೋತಿದ್ದರೆ ಇಡೀ ಬಾಗಿಲು ಧಡಾರನೆ ಬೀಳುತ್ತದೆ.) ಸ್ಪ್ರಿಂಗಿನ ಬಿಗಿ ಬಿಚ್ಚಿ, ಬಾಗಿಲನ್ನು ತೂಕದ ಯಂತ್ರದ ಮೇಲೆ ಕೂರಿಸಿ ತೂಗಿದರು. ಇದ್ದ ಸ್ಪ್ರಿಂಗ್‌ಗಳು ಬರಿಯ ಉಕ್ಕಿನ ಬಾಗಿಲಿಗೆ ಲೆಕ್ಕಹಾಕಿ ಹಾಕಿದವು. ಫೋಮ್ ಮತ್ತು ಮರದ ತೂಕ ಯಾರ ಲೆಕ್ಕದಲ್ಲೂ ಇರಲಿಲ್ಲ. ಬಿಗಿದ ಸ್ಪ್ರಿಂಗ್ ಬಿಚ್ಚುವುದು ಕೈಮುರಿಯುವ ಕೆಲಸ, ಮನೆಯವರು ಅದಕ್ಕೆ ಇಳಿಯಬಾರದು. ತೂಕಕ್ಕೆ ತಕ್ಕ ಜೋಡಿ ಸ್ಪ್ರಿಂಗ್ ಬಂದ ಮೇಲೆ ಬಾಗಿಲು ಒಂದೇ ಕೈಗೆ ಎದ್ದಿತು.

ಆಯ್ಕೆಯ ಉಳಿದ ಮಾತುಗಳು ಆಮೇಲಿನವು. ಚೈನ್ ಗದ್ದಲ ಮಾಡುತ್ತದೆ, ಬೆಲ್ಟ್ ಮಾಡುವುದಿಲ್ಲ. ಗ್ಯಾರೇಜಿನ ಮೇಲೆ ಮಲಗುವ ಕೋಣೆಯಿದ್ದರೆ ಬೆಲ್ಟ್ ತೆಗೆದುಕೊಳ್ಳಿ. ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುವ ಡಿಸಿ ಮೋಟಾರು ಅಗಲದ ಬಾಗಿಲಿನ ಫಲಕಗಳಿಗೆ ಹಿತ. ಬಾಗಿಲು 8 ಅಡಿ ಎತ್ತರದ್ದಾದರೆ ಚಾವಣಿಯಡಿ ಓಪನರ್ ಬಾಗಿಲನ್ನು ಎಳೆದೊಯ್ಯುವ ಹಳಿ, ಅಂದರೆ ರೈಲೂ ಉದ್ದದ್ದೇ ಬೇಕು; 7 ಅಡಿಯದಕ್ಕೆ ಮಾಡಿದ ರೈಲು ಹಾಕಿದರೆ ಬಾಗಿಲು ಪೂರ್ತಿ ಮೇಲೇರದೆ ತಲೆಗೆ ತಾಗುವಂತೆ ಜೋತುಬೀಳುತ್ತದೆ. ಬಾಗಿಲಿನ ಪಕ್ಕದ ಗೋಡೆಗೆ ಕೂರುವ ಮಾದರಿ ನನಗೆ ಬಹಳ ಇಷ್ಟ, ಚಾವಣಿ ಖಾಲಿ ಉಳಿಯುತ್ತದೆ. ಆದರೆ ಅದು ಸ್ಪ್ರಿಂಗಿನ ಸರಳನ್ನೇ ತಿರುಗಿಸುವುದರಿಂದ ಟಾರ್ಷನ್ ಸ್ಪ್ರಿಂಗ್ ಇರಲೇಬೇಕು, ಸರಳಿನ ತುದಿಯಲ್ಲಿ ಜಾಗವೂ ಬೇಕು. ನಮ್ಮಲ್ಲಿ ಆ ಜಾಗವಿಲ್ಲ. ವಿದ್ಯುತ್ ಹೋದಾಗ ನಡೆಸುವ ಬ್ಯಾಟರಿಯನ್ನು ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಹೊಸ ಓಪನರುಗಳಿಗೆ ಕಡ್ಡಾಯ ಮಾಡಿದ್ದಾರೆ. ಭಾರದ ಬಾಗಿಲಿನವರು ಕಾನೂನಿಲ್ಲದ ಕಡೆಯೂ ಅದನ್ನು ಕೇಳಿ ಪಡೆಯಬೇಕು.

ಜೋಡಣೆ ಮುಗಿದ ದಿನ, ಹಣ ಕೊಡುವ ಮುನ್ನ, 38 ಮಿ.ಮೀ. ದಪ್ಪದ ಮರದ ತುಂಡನ್ನು ಬಾಗಿಲಿನಡಿ ಚಪ್ಪಟೆಯಾಗಿ ಇಟ್ಟು ಮುಚ್ಚಿಸಿ. ತಾಗಿದ ತಕ್ಷಣ ಬಾಗಿಲು ಮೇಲೇರಬೇಕು. "ಅದೆಲ್ಲ ಕಾರ್ಖಾನೆಯಲ್ಲೇ ಪರೀಕ್ಷೆ ಆಗಿದೆ" ಎಂಬ ಉತ್ತರ ಬಂದರೆ ಒಪ್ಪಬೇಡಿ. ಕಾರ್ಖಾನೆಯವರು ನಿಮ್ಮ ಬಾಗಿಲನ್ನು ನೋಡಿಲ್ಲ. ನಮಗೆ ಮಾರಿದವರಂತೂ ಗೇರ್ ಸವೆದದ್ದಕ್ಕೆ ವಾರಂಟಿ ಕೊಡಲಿಲ್ಲ. ಬಾಗಿಲು ಸಮತೋಲದಲ್ಲಿ ಇರದಿದ್ದರೆ ವಾರಂಟಿ ಅನ್ವಯಿಸದು ಎಂಬ ಸಾಲನ್ನು ಅವರದೇ ಕೈಪಿಡಿಯಿಂದ ಓದಿ ಹೇಳಿದರು.